ಪೋರ್ಟ್‌ಲ್ಯಾಂಡ್ ಬಿಡ್ತಿದ್ದೇವೆ. ಅಟ್ಲಾಂಟಾನಾ, ಮೇರಿಲ್ಯಾಂಡಾ? ನಮ್ಮನೆಯವರು ಬ್ಲ್ಯಾಕ್, ಅದಕ್ಕೇ ಕೇಳ್ತಿದ್ದೇನೆ

ಧಾರವಾಡದವಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ನಾನು ಧಾರವಾಡದವಳು. ಅಮೆರಿಕಕ್ಕೆ ಬಂದು 13 ವರ್ಷ ಆಯ್ತು. ನಮ್ಮನೆಯವರು ಬ್ಲ್ಯಾಕ್ ಅಮೆರಿಕನ್, ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ಮಗಳಿಗೆ 6 ವರ್ಷ. ಪೋರ್ಟ್‌ಲ್ಯಾಂಡ್ ಪಕ್ಕದ ಬೀವರ್ಟನ್‌ನಲ್ಲಿ 5 ವರ್ಷದಿಂದ ಇದ್ದೇವೆ. ಈಗ ಇವರಿಗೆ ಎರಡು ಕಡೆ ಕೆಲಸ ಸಿಕ್ಕಿದೆ. ಒಂದು ಅಟ್ಲಾಂಟಾ, ಇನ್ನೊಂದು ವಾಷಿಂಗ್ಟನ್ ಡಿ.ಸಿ. ಪಕ್ಕದ ಮೇರಿಲ್ಯಾಂಡ್. ಸಂಬಳ ಹೆಚ್ಚುಕಡಿಮೆ ಒಂದೇ. ನನ್ನದು ಮನೆಯಿಂದಲೇ ಕೆಲಸ, ಎಲ್ಲಾದ್ರೂ ನಡೆಯುತ್ತೆ.

ಯಾಕೆ ಬಿಡ್ತೀರಿ, ಏನಾಯ್ತು ಅಂತ ಅಮ್ಮ ಫೋನಲ್ಲಿ ಕೇಳ್ತಾಳೆ. ಏನೂ ಆಗಿಲ್ಲ. ಅದನ್ನೇ ಅವಳಿಗೆ ಹೇಳಿ ಅರ್ಥ ಮಾಡಿಸೋಕೆ ಆಗ್ತಿಲ್ಲ. ಯಾರೂ ಬೈದಿಲ್ಲ, ಯಾರೂ ಕಲ್ಲು ಹೊಡೆದಿಲ್ಲ. ನಮ್ಮ ಬೀದಿಯಲ್ಲಿ ಮನೆಗೊಂದರಂತೆ 'ಇಲ್ಲಿ ಎಲ್ಲರಿಗೂ ಸ್ವಾಗತ' ಅನ್ನೋ ಬೋರ್ಡು. ಆದ್ರೆ ಇವರು ರಾತ್ರಿ ಊಟ ಆದ್ಮೇಲೆ ವಾಕಿಂಗ್ ಹೊರಟರೆ ಆಸ್ಪತ್ರೆಯ ಐಡಿ ಕಾರ್ಡು ಕುತ್ತಿಗೆಗೆ ಹಾಕಿಕೊಂಡೇ ಹೋಗ್ತಾರೆ, ಡ್ಯೂಟಿ ಇಲ್ಲದ ಭಾನುವಾರವೂ. ಮೊದಲೆಲ್ಲ ತೆಗೆಯೋಕೆ ಮರೆತಿದ್ದಾರೆ ಅಂದುಕೊಂಡಿದ್ದೆ. ಒಂದ್ಸಲ ನಗುತ್ತಾ ನಾನೇ ತೆಗೆಯೋಕೆ ಹೋದೆ. ಕೈ ಹಿಡಿದು "ಇರಲಿ ಬಿಡು" ಅಂದ್ರು. ಟೋಪಿ ಇರೋ ಜಾಕೆಟ್ ಇವರ ಹತ್ತಿರ ಒಂದೂ ಇಲ್ಲ. ಪೋರ್ಟ್‌ಲ್ಯಾಂಡ್ ಮಳೆ ಗೊತ್ತಿರೋರಿಗೆ ಇದರ ಅರ್ಥ ಗೊತ್ತಾಗುತ್ತೆ, ಇಲ್ಲಿ ಛತ್ರಿ ಹಿಡಿಯೋನು ಇವರೊಬ್ಬರೇ ಇರಬೇಕು.

ಅಟ್ಲಾಂಟಾ ಅಂದ ತಕ್ಷಣ ನಮ್ಮ ಕನ್ನಡದ ಗೆಳೆಯರೆಲ್ಲ ಒಂದೇ ಹೆಸರು ಹೇಳ್ತಾರೆ: ಫೋರ್ಸೈತ್ ಕೌಂಟಿ (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಇದ್ದ ಹಾಗೆ), ಅಲ್ಲಿನ ಊರು ಕಮ್ಮಿಂಗ್. ಶಾಲೆ ಚೆನ್ನಾಗಿದೆ, ಏರಿಯಾ ಚೆನ್ನಾಗಿದೆ, ಇಂಡಿಯನ್ ಅಂಗಡಿ ಬಾಗಿಲಲ್ಲೇ ಇದೆ. ನಮ್ಮತ್ತೆ ಜಾರ್ಜಿಯಾದ ಗೇನ್ಸ್‌ವಿಲ್‌ನವರು, ಅದು ಕಮ್ಮಿಂಗ್‌ಗೆ ಹತ್ತಿರವೇ. ಖುಷಿ ಪಡ್ತಾರೆ ಅಂತ ಫೋನ್ ಮಾಡಿ ಹೇಳಿದೆ. ಆ ಕಡೆಯಿಂದ ಸದ್ದೇ ಇಲ್ಲ. ಆಮೇಲೆ "ಫೋರ್ಸೈತ್ ಬೇಡ" ಅಂದ್ರು. ಅಷ್ಟೇ.

ಅಲ್ಲಿ ಇರೋರು ಯಾರಾದ್ರೂ ನಿಜ ಹೇಳಿ.

ಕಮ್ಮಿಂಗ್ ನಿವಾಸಿ

ಮೇಡಂ, ಸುಮ್ನೆ ಹೆದರಬೇಡಿ. ನಾವು ಇಲ್ಲಿ 14 ವರ್ಷದಿಂದ ಇದ್ದೇವೆ. ಇಬ್ಬರು ಮಕ್ಕಳೂ ಇಲ್ಲೇ ಓದಿದ್ದು, ಇಂಥ ಶಾಲೆ ಜಾರ್ಜಿಯಾದಲ್ಲಿ ಬೇರೆ ಕಡೆ ಸಿಗೋದು ಕಷ್ಟ. ನಮ್ಮ ಸಬ್‌ಡಿವಿಷನ್‌ನಲ್ಲಿ (ಬಡಾವಣೆಯಲ್ಲಿ) ಅರ್ಧಕ್ಕರ್ಧ ಇಂಡಿಯನ್ಸ್. ಗಣೇಶ ಹಬ್ಬಕ್ಕೆ ಕ್ಲಬ್‌ಹೌಸ್ ಸಾಲೋದಿಲ್ಲ. ಒಂದು ದಿನವೂ ಯಾರೂ ನಮಗೆ ಒಂದು ಮಾತು ಅಂದಿಲ್ಲ. ನಿಮ್ಮ ಯಜಮಾನರು ಓದಿದವರು, ಒಳ್ಳೇ ಕೆಲಸದಲ್ಲಿದ್ದಾರೆ, ಅವರಿಗೆ ಯಾರು ಏನು ಮಾಡ್ತಾರೆ? ಹಳೇದನ್ನ ಕೆದಕುತ್ತಾ ಹೋದ್ರೆ ಎಲ್ಲೂ ಮನೆ ಮಾಡೋಕಾಗಲ್ಲ.

ಹಳೇ ಅಟ್ಲಾಂಟಾ

ಸರ್, "ನಮಗೆ" ಯಾರೂ ಒಂದು ಮಾತು ಅಂದಿಲ್ಲ ಅಂದ್ರಿ. ಸರಿ. ಕೇಳಿದವರು ನಮ್ಮ ಬಗ್ಗೆ ಕೇಳಿಲ್ಲ.

ತಂಗಿ, ನಾನು ಈ ಊರಿಗೆ ಬಂದು 28 ವರ್ಷ ಆಯ್ತು. ನಿಮ್ಮತ್ತೆ ಯಾಕೆ ಸುಮ್ಮನಾದರು ಅಂತ ನಾನು ಹೇಳ್ತೀನಿ.

1912ರ ಸೆಪ್ಟೆಂಬರ್‌ನಲ್ಲಿ ಫೋರ್ಸೈತ್‌ನಲ್ಲಿ ಒಬ್ಬ ಬಿಳಿ ಹುಡುಗಿಯ ಮೇಲೆ ಹಲ್ಲೆ ಆಯ್ತು, ಅವಳು ತೀರಿಕೊಂಡಳು. ರಾಬ್ ಎಡ್ವರ್ಡ್ಸ್ ಅನ್ನೋ ಕಪ್ಪು ಮನುಷ್ಯನನ್ನ ಗುಂಪು ಜೈಲಿನಿಂದ ಎಳೆದು ತಂದು ಕೊಂದು ಕಮ್ಮಿಂಗ್ ಊರ ಮಧ್ಯೆ ನೇತು ಹಾಕಿತು. ಇನ್ನಿಬ್ಬರು ಹದಿಹರೆಯದ ಹುಡುಗರಿಗೆ ವಿಚಾರಣೆ ಅಂತ ಶಾಸ್ತ್ರ ಮಾಡಿ ಸಾವಿರಾರು ಜನರ ಎದುರು ಗಲ್ಲಿಗೇರಿಸಿದರು. ಅಷ್ಟಕ್ಕೇ ನಿಲ್ಲಲಿಲ್ಲ. ರಾತ್ರಿ ಕುದುರೆ ಮೇಲೆ ಬಂದು ಮನೆ, ಚರ್ಚು ಸುಟ್ಟು, ಕೌಂಟಿಯಲ್ಲಿದ್ದ ಸುಮಾರು 1,100 ಕಪ್ಪು ಜನರನ್ನ ಓಡಿಸಿದರು. ಹತ್ತರಲ್ಲಿ ಒಬ್ಬರಷ್ಟು ಜನ. ಹೊಲ, ದನ, ಬೆಳೆದು ನಿಂತ ಪೈರು ಎಲ್ಲ ಬಿಟ್ಟು ಓಡಿದರು. ಎಲ್ಲಿಗೆ? ತುಂಬಾ ಜನ ಪಕ್ಕದ ಹಾಲ್ ಕೌಂಟಿಗೆ, ಅಂದ್ರೆ ಗೇನ್ಸ್‌ವಿಲ್ ಕಡೆಗೆ. ನಿಮ್ಮತ್ತೆಯ ಊರು.

ಹಳೇದು ಅಂತೀರಲ್ಲ ಸರ್, 1987ಕ್ಕೆ ಬನ್ನಿ. ಆ ಜನವರಿ 17ಕ್ಕೆ ಕಪ್ಪು ಜನರ ಹಕ್ಕಿಗೆ ಹೋರಾಡಿದ ನಾಯಕ ಹೊಸಿಯಾ ವಿಲಿಯಮ್ಸ್ ಜೊತೆ ಒಂದಷ್ಟು ಜನ ಅಲ್ಲಿ ಮೆರವಣಿಗೆ ಹೋದರು. ಕಲ್ಲು, ಬಾಟಲಿ ತೂರಿ ವಾಪಸ್ ಕಳಿಸಿದರು. ಮುಂದಿನ ಶನಿವಾರ ಸುಮಾರು 20,000 ಜನ ಬಂದರು, ನ್ಯಾಷನಲ್ ಗಾರ್ಡ್ ಪಹರೆಯಲ್ಲಿ ನಡೆದರು. ಟಿವಿಯ ಓಪ್ರಾ ಬಂದು ಅಲ್ಲೇ ಒಂದು ಕಾರ್ಯಕ್ರಮ ಮಾಡಿದಳು. 75 ವರ್ಷ ಆ ಕೌಂಟಿಯಲ್ಲಿ ಕಪ್ಪು ಜನ ಅಂತ ಹೆಚ್ಚುಕಡಿಮೆ ಇರಲೇ ಇಲ್ಲ. ನಿಮ್ಮತ್ತೆಗೆ ಅವರ ಮನೆಯ ಹಿರಿಯರು ಹೇಳಿರ್ತಾರೆ, ಕತ್ತಲಾದ ಮೇಲೆ ಆ ಕೌಂಟಿಯಲ್ಲಿ ಪೆಟ್ರೋಲಿಗೂ ಗಾಡಿ ನಿಲ್ಲಿಸಬೇಡ ಅಂತ. ಕೇಳಿ ನೋಡಿ.

ಈಗ ಕಾಲ ಬದಲಾಗಿದೆ, ಹೌದು. 2020ರ ಜನಗಣತಿಯಲ್ಲಿ ಫೋರ್ಸೈತ್ 2.5 ಲಕ್ಷ ದಾಟಿತ್ತು. ಏಷ್ಯನ್ನರು ನೂರಕ್ಕೆ 18ರ ಹತ್ತಿರ, ಅದರಲ್ಲಿ ಹೆಚ್ಚಿನವರು ನಾವೇ. ಕಪ್ಪು ಜನ ನೂರಕ್ಕೆ ಐದೂ ಇಲ್ಲ. ನಾವು ಲೇಕ್ ಲ್ಯಾನಿಯರ್‌ಗೆ ಚಿತ್ರಾನ್ನ ಕಟ್ಟಿಕೊಂಡು ಪಿಕ್ನಿಕ್ ಹೋಗ್ತೀವಲ್ಲ, ಹಾಗೆ ಓಡಿಹೋದವರ ಊರು ಆಸ್ಕರ್‌ವಿಲ್, ಅದರ ಸ್ವಲ್ಪ ನೆಲ ಆ ನೀರಿನ ಅಡಿ ಇದೆ. ನಾನು ಹತ್ತು ವರ್ಷ ಪಿಕ್ನಿಕ್ ಹೋದ ಮೇಲೆ ಇದು ಗೊತ್ತಾಗಿದ್ದು.

ಅಟ್ಲಾಂಟಾಗೆ ಬರೋದಾದ್ರೆ ನೈಋತ್ಯ ಭಾಗ ನೋಡಿ, ಕ್ಯಾಸ್ಕೇಡ್ ಹೈಟ್ಸ್. ಡಾಕ್ಟರು, ಜಡ್ಜು, ಪ್ರೊಫೆಸರು ಇರೋ ಕಪ್ಪು ಜನರ ಬಡಾವಣೆ. ದೊಡ್ಡ ದೊಡ್ಡ ಮರ, ದೊಡ್ಡ ಅಂಗಳ. 1962ರಲ್ಲಿ ಅಲ್ಲಿ ಒಬ್ಬ ಕಪ್ಪು ಡಾಕ್ಟರು ಮನೆ ತಗೊಳ್ಳೋಕೆ ಹೊರಟರು ಅಂತ ಆಗಿನ ಮೇಯರ್, ಪೇಟನ್ ಅನ್ನೋ ರಸ್ತೆಗೆ ಅಡ್ಡಗಟ್ಟೆ ಹಾಕಿಸಿದ್ದ. ಮುಂದಿನ ವರ್ಷ ಕೋರ್ಟ್ ತೆಗೆಸಿತು. ನಮ್ಮ ಕನ್ನಡದವರು ಅಲ್ಲಿ ಒಬ್ಬರೂ ಕಾಣಲ್ಲ, ಅದೊಂದು ಬೇಜಾರು. ಗ್ವಿನೆಟ್ ಕೌಂಟಿಯೂ ಇದೆ, ಅಲ್ಲಿ ಎಲ್ಲ ಥರದ ಜನ ಇದ್ದಾರೆ, ಯಾರದ್ದೂ ಬಹುಮತ ಇಲ್ಲ. ಆದ್ರೆ ಮೆಟ್ರೋ ರೈಲು ಬೇಡ ಅಂತ 1971, 1990, 2019 ಮೂರು ಸಲ ವೋಟು ಹಾಕಿದ ಕೌಂಟಿ ಅದು. ಟ್ರಾಫಿಕ್ಕಿನಲ್ಲಿ ಕೂತಾಗೆಲ್ಲ ನೆನಪಿಸಿಕೊಳ್ಳಬಹುದು.

ಮೂಕಜ್ಜ

ಬಂದು 9 ವರ್ಷ ಆಯ್ತು, ಇದೊಂದೂ ಗೊತ್ತಿರಲಿಲ್ಲ. ಥೂ.

ಲ್ಯಾನ್‌ಹ್ಯಾಮ್ ಪುಳಿಯೋಗರೆ

ಅಕ್ಕಾ, ಮೇರಿಲ್ಯಾಂಡಿಗೆ ಬನ್ನಿ!

ಒಂದು ತಮಾಷೆ ಹೇಳ್ತೀನಿ. ಈ ಕಡೆಯ ನಮ್ಮವರನ್ನ ಮನೆ ಎಲ್ಲಿ ತಗೊಳ್ಳಲಿ ಅಂತ ಕೇಳಿ. "ಪ್ರಿನ್ಸ್ ಜಾರ್ಜಸ್ ಕೌಂಟಿ ಬೇಡಪ್ಪಾ, ಏರಿಯಾ ಸರಿ ಇಲ್ಲ" ಅಂತಾರೆ. ಅದೇ ಜನ ಶನಿವಾರ ಭಾನುವಾರ ಶಿವ ವಿಷ್ಣು ದೇವಸ್ಥಾನಕ್ಕೆ ಬಂದು, ಕೆಳಗಿನ ಕ್ಯಾಂಟೀನಿನಲ್ಲಿ ಕ್ಯೂ ನಿಂತು ದೋಸೆ ತಿಂದು, ಮಕ್ಕಳನ್ನ ಪಾರ್ಕಿಂಗಲ್ಲಿ ಓಡಾಡೋಕೆ ಬಿಟ್ಟು ಒಂದು ಗಂಟೆ ಹರಟೆ ಹೊಡೀತಾರೆ. ಆ ದೇವಸ್ಥಾನ ಇರೋದು ಲ್ಯಾನ್‌ಹ್ಯಾಮ್‌ನಲ್ಲಿ. ಲ್ಯಾನ್‌ಹ್ಯಾಮ್ ಇರೋದು ಯಾವ ಕೌಂಟಿಯಲ್ಲಿ ಅಂತ ಕೇಳಿದ್ರೆ ಮುಖ ನೋಡ್ತಾರೆ. ದೇವರಿಗೆ ಆಗುತ್ತೆ, ಇವರಿಗೆ ಆಗಲ್ಲ!

ಈ ಕೌಂಟಿಯಲ್ಲಿ ನೂರಕ್ಕೆ 60ರ ಹತ್ತಿರ ಕಪ್ಪು ಜನ. ಒಟ್ಟು ಜನ 9.6 ಲಕ್ಷದ ಮೇಲೆ. ಸರ್ಕಾರಿ ನೌಕರರು, ವಕೀಲರು, ಮಿಲಿಟರಿಯವರು. ಬೋವಿ, ಮಿಚೆಲ್‌ವಿಲ್ ಕಡೆ ಹೋಗಿ ನೋಡಿ, ಗಾಲ್ಫ್ ಕೋರ್ಸ್ ಪಕ್ಕದ ಮನೆಗಳು. ಕಪ್ಪು ಜನ ಹೆಚ್ಚಿರೋ ಕೌಂಟಿಗಳಲ್ಲಿ ತುಂಬಾ ವರ್ಷ ಇದೇ ದೇಶದಲ್ಲಿ ಎಲ್ಲಕ್ಕಿಂತ ಶ್ರೀಮಂತ ಅನ್ನಿಸಿಕೊಂಡಿತ್ತು. ಈಚೆಗೆ ಪಕ್ಕದ ಚಾರ್ಲ್ಸ್ ಕೌಂಟಿ ಅದನ್ನ ದಾಟಿತು.

ಬರೀ ಹೊಗಳಿದ್ರೆ ಮೋಸ ಆಗುತ್ತೆ. ಶಾಲೆಗಳ ರೇಟಿಂಗ್ ಕಡಿಮೆ, ಒಂದೊಂದು ಶಾಲೆ ಒಂದೊಂದು ಥರ. ಪ್ರಾಪರ್ಟಿ ಟ್ಯಾಕ್ಸ್ ಜಾಸ್ತಿ. ಇಷ್ಟು ಹಣವಂತರು ಇದ್ದರೂ ಒಳ್ಳೇ ಅಂಗಡಿ, ಹೋಟೆಲು ಪಕ್ಕದ ಕೌಂಟಿಗಳಲ್ಲೇ ಜಾಸ್ತಿ. 2008ರ ಸುಮಾರಿಗೆ ಸಾಲ ಕಟ್ಟಲಾಗದೆ ಮನೆ ಕಳೆದುಕೊಂಡವರು ಮೇರಿಲ್ಯಾಂಡಿನಲ್ಲಿ ಇಲ್ಲೇ ಹೆಚ್ಚು.

ಮಧ್ಯದ ದಾರಿ ಬೇಕು ಅಂದ್ರೆ ಹೊವರ್ಡ್ ಕೌಂಟಿಯ ಕೊಲಂಬಿಯಾ. ಜೇಮ್ಸ್ ರೌಸ್ ಅಂತ ಒಬ್ಬ ಬಿಲ್ಡರು, ಎಲ್ಲ ಬಣ್ಣದವರೂ ಒಟ್ಟಿಗೆ ಇರಬೇಕು ಅಂತಲೇ ಪ್ಲ್ಯಾನು ಹಾಕಿ ಕಟ್ಟಿಸಿದ ಊರು, 1967ರಲ್ಲಿ ಶುರು. ಮನೆಮನೆಗೆ ಅಂಚೆ ಡಬ್ಬಿ ಇಡದೆ ಒಂದೇ ಕಡೆ ಗುಂಪಾಗಿ ಇಟ್ಟ, ಟಪಾಲು ತಗೊಳ್ಳೋಕೆ ಬಂದವರು ಒಬ್ಬರನ್ನೊಬ್ಬರು ಮಾತಾಡಿಸಲಿ ಅಂತ. ನಮ್ಮೂರ ನಲ್ಲಿ ಕಟ್ಟೆ ಥರ. ಸುಮಾರು ಕಾಲು ಭಾಗ ಕಪ್ಪು ಜನ, ನಮ್ಮವರೂ ಬೇಕಾದಷ್ಟು. ಮನೆ ಬೆಲೆ ಮಾತ್ರ ಕೇಳಬೇಡಿ.

ಕೀಲಿ ಕೈ

ನಾನು ಇಲ್ಲೇ ರಿಯಲ್ಟರ್, ಅಂದ್ರೆ ಮನೆ ಮಾರಾಟದ ಏಜೆಂಟ್. ಊರು ಹೇಳಲ್ಲ, ಲೈಸೆನ್ಸ್ ಉಳಿಸ್ಕೋಬೇಕು.

ಧಾರವಾಡದವರೇ, "ಇಲ್ಲಿ ಕಪ್ಪು ಜನ ಎಷ್ಟಿದ್ದಾರೆ, ಏರಿಯಾ ಹೇಗೆ" ಅಂತ ಏಜೆಂಟನ್ನ ಕೇಳಿದ್ರೆ ಉತ್ತರ ಸಿಗಲ್ಲ. ನಾವು ಬಣ್ಣ ನೋಡಿ ಗಿರಾಕಿಯನ್ನ ಇಂಥ ಬಡಾವಣೆಗೆ ಅಂತ ತಿರುಗಿಸೋದು 1968ರ ಫೇರ್ ಹೌಸಿಂಗ್ ಕಾಯ್ದೆ ಪ್ರಕಾರ ತಪ್ಪು. ಮಾರ್ಟಿನ್ ಲೂಥರ್ ಕಿಂಗ್ ಸತ್ತ ಒಂದೇ ವಾರಕ್ಕೆ ಸಹಿ ಬಿದ್ದ ಕಾನೂನು. ಬಾಯಲ್ಲಿ ಹೇಳಲ್ಲ ಸರಿ, ತಿರುಗಿಸೋದು ನಿಂತಿದೆಯಾ? ನ್ಯೂಯಾರ್ಕ್ ಪಕ್ಕದ ಲಾಂಗ್ ಐಲೆಂಡ್‌ನಲ್ಲಿ ನ್ಯೂಸ್‌ಡೇ ಪತ್ರಿಕೆಯವರು ಕ್ಯಾಮೆರಾ ಬಚ್ಚಿಟ್ಟುಕೊಂಡು ಗಿರಾಕಿಗಳ ವೇಷದಲ್ಲಿ ಜನ ಕಳಿಸಿ 2019ರಲ್ಲಿ ವರದಿ ಹಾಕಿದರು. ಕಪ್ಪು ಗಿರಾಕಿಗಳ ಪರೀಕ್ಷೆಯಲ್ಲಿ ನೂರಕ್ಕೆ 49 ಸಲ ಬೇರೆ ಥರ ನಡೆಸಿಕೊಂಡಿದ್ದರು. ಏಷ್ಯನ್ನರಿಗೆ 19 ಸಲ. ಕಮ್ಮಿಂಗ್ ಸರ್ ಹೇಳಿದ "ನಮಗೇನೂ ಆಗಿಲ್ಲ" ಎಲ್ಲಿಂದ ಬರುತ್ತೆ ಅಂತ ಈ ಎರಡು ನಂಬರಲ್ಲಿ ಕಾಣುತ್ತೆ.

ಹಾಗಾಗಿ ನೀವೇ ನೋಡ್ಕೋಬೇಕು. ಶಾಲೆಗೆ 10ಕ್ಕೆ 10 ಇದೆಯಾ ಅಂತ ನೋಡಿ ಬಿಟ್ಟುಬಿಡಬೇಡಿ. ಯಾವ ಶಾಲೆಯಲ್ಲಿ ಯಾವ ಬಣ್ಣದ ಮಕ್ಕಳನ್ನ ಎಷ್ಟು ಸಲ ಸಸ್ಪೆಂಡ್ ಮಾಡಿದ್ದಾರೆ ಅಂತ ಕೇಂದ್ರದ ಶಿಕ್ಷಣ ಇಲಾಖೆಯ ಸಿವಿಲ್ ರೈಟ್ಸ್ ಅಂಕಿಅಂಶದಲ್ಲಿ ಇರುತ್ತೆ, ಯಾರು ಬೇಕಾದ್ರೂ ನೋಡಬಹುದು. ಶಾಲೆ ಬಿಡೋ ಹೊತ್ತಿಗೆ ಹೋಗಿ ಗೇಟಿನ ಹತ್ತಿರ ಅರ್ಧ ಗಂಟೆ ನಿಲ್ಲಿ. ಟೀಚರುಗಳಲ್ಲಿ ಎಷ್ಟು ಜನ ಕಪ್ಪು, ಎಣಿಸಿ. ಎಚ್‌ಒಎ (ಬಡಾವಣೆಯ ಮನೆಯೊಡೆಯರ ಸಂಘ) ಮೀಟಿಂಗಿನ ಮಿನಿಟ್ಸ್ ಕೇಳಿ ಓದಿ, ನೆರೆಹೊರೆಯವರು ಏನಕ್ಕೆ ದೂರು ಕೊಡ್ತಾರೆ ಅನ್ನೋದರಲ್ಲೇ ಊರಿನ ಗುಣ ಗೊತ್ತಾಗುತ್ತೆ. ಮುಖ್ಯವಾಗಿ ನಿಮ್ಮ ಯಜಮಾನರು ಒಬ್ಬರೇ ಒಂದು ಸಂಜೆ ನಡೆದುಕೊಂಡು ಹೋಗಿ ಬರಲಿ. ನೀವು ಜೊತೆಗಿದ್ರೆ ಲೆಕ್ಕ ತಪ್ಪುತ್ತೆ.

ಇನ್ನೊಂದು, ಮನೆ ಮಾರೋವಾಗ ಬೆಲೆ ಕಟ್ಟೋನು ಬರ್ತಾನಲ್ಲ, ಹುಷಾರು. ಕ್ಯಾಲಿಫೋರ್ನಿಯಾದ ಮರಿನ್ ಸಿಟಿಯ ಕಪ್ಪು ದಂಪತಿಯ ಮನೆಗೆ 9.95 ಲಕ್ಷ ಡಾಲರ್ ಅಂತ ಬರೆದರು. ಕೆಲವೇ ವಾರ ಆದ್ಮೇಲೆ ಅದೇ ಮನೆಯಲ್ಲಿ ಬಿಳಿ ಗೆಳತಿಯನ್ನ ಮನೆಯೊಡತಿ ಅಂತ ಕೂರಿಸಿದರು, 14.8 ಲಕ್ಷ ಆಯ್ತು. ಕೇಸು 2023ರಲ್ಲಿ ರಾಜಿಯಾಯ್ತು. ಬಡಾವಣೆಯಲ್ಲಿ ಕಪ್ಪು ಜನವೇ ಹೆಚ್ಚಿದ್ರೂ ಇದೇ ಕಥೆ. ಎಲ್ಲ ಸರಿಸಮ ಇರೋ ಮನೆಗೂ ಸರಾಸರಿ ನೂರಕ್ಕೆ 23 ಕಡಿಮೆ ಬೆಲೆ ಅಂತ 2018ರಲ್ಲಿ ಬ್ರೂಕಿಂಗ್ಸ್ ಅನ್ನೋ ಸಂಶೋಧನಾ ಸಂಸ್ಥೆಯವರು ಲೆಕ್ಕ ಹಾಕಿದ್ದರು. ಕ್ಯಾಸ್ಕೇಡೋ ಬೋವಿಯೋ ತಗೊಂಡ್ರೆ ನೆಮ್ಮದಿ ಸಿಗಬಹುದು, ಅದಕ್ಕೆ ಈ ಥರ ಬೆಲೆಯೂ ತೆರಬೇಕು ಅಂತ ಗೊತ್ತಿರಲಿ.

ಧಾರವಾಡದವಳು

ಬೆಲೆ ಕಟ್ಟೋರ ವಿಷಯ ಬಂತಲ್ಲ, ಹೇಳಿಬಿಡ್ತೀನಿ. ಹೋದ ತಿಂಗಳು ನಮ್ಮನೆಗೂ ಬಂದಿದ್ದರು. ಹಿಂದಿನ ರಾತ್ರಿ ಇವರು ಏಣಿ ತಂದು ಹಾಲಿನ ಗೋಡೆಯಿಂದ ಫೋಟೋ ಇಳಿಸೋಕೆ ಶುರು ಮಾಡಿದರು. ಅತ್ತೆ ಮಾವನದ್ದು, ಇವರ ಕಾಲೇಜಿನದ್ದು, ಆಮೇಲೆ ನಮ್ಮ ಮದುವೆದು. ಧಾರವಾಡದಲ್ಲಿ ಆದ ಮದುವೆ, ಇವರು ಪೇಟ ಸುತ್ತಿಕೊಂಡು ನಿಂತಿರೋ ಫೋಟೋ. ನನ್ನ ಅಪ್ಪ ಅಮ್ಮನ ಫೋಟೋ ಗೋಡೆ ಮೇಲೇ ಇರಲಿ ಅಂದ್ರು. ಗಣಪತಿಯೂ ಇರಲಿ ಅಂದ್ರು. ಇಂಡಿಯನ್ ಅಂದ್ರೆ ಪರವಾಗಿಲ್ಲ, ಇಂಜಿನಿಯರ್ ಅಂದುಕೊಳ್ತಾರೆ ಅಂತ. ಮಾರನೇ ದಿನ ಇವರು ಮಗಳನ್ನ ಕರ್ಕೊಂಡು ಎರಡು ಗಂಟೆ ಲೈಬ್ರರಿಯಲ್ಲಿ ಕೂತಿದ್ದರು. ಬಂದವನಿಗೆ ನಾನೊಬ್ಬಳೇ ಟೀ ಮಾಡಿ ಕೊಟ್ಟೆ.

ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ ಬೆಲೆ ಬಂತು. ಫೋಟೋ ಇದ್ದಿದ್ರೂ ಅಷ್ಟೇ ಬರ್ತಿತ್ತಾ, ಗೊತ್ತಿಲ್ಲ. ಫೋಟೋಗಳು ಇನ್ನೂ ಬೀರುವಿನಲ್ಲೇ ಇವೆ, ಹೊಸ ಮನೆಯಲ್ಲಿ ಹಾಕಿದ್ರಾಯ್ತು ಅಂತಾರೆ.

ಪೋರ್ಟ್‌ಲ್ಯಾಂಡಿನಲ್ಲಿ ಕಪ್ಪು ಜನ ನೂರಕ್ಕೆ ಆರೇಳು ಅಷ್ಟೇ. ಯಾಕೆ ಅಂತ ನನಗೂ ತಡವಾಗಿ ಗೊತ್ತಾಯ್ತು. ಒರೆಗಾನ್ ರಾಜ್ಯ ಹುಟ್ಟಿದ್ದೇ ಕಪ್ಪು ಜನ ಬಂದು ನೆಲೆಸುವಂತಿಲ್ಲ ಅಂತ ಸಂವಿಧಾನದಲ್ಲಿ ಬರೆದುಕೊಂಡು. ಆ ಕಲಮು ತೆಗೆದಿದ್ದು 1926ರಲ್ಲಿ. ಉಳಿದ ಹಳೇ ಮಾತುಗಳನ್ನ ಪೂರ್ತಿ ಅಳಿಸೋಕೆ 2002ರವರೆಗೆ ಕಾದರು.

ಗೊಜ್ಜವಲಕ್ಕಿ

ಎಲ್ಲರೂ ಬಿಳಿಯರ ಮೇಲೇ ಹಾಕ್ತಿದ್ದೀರಿ. ನಮ್ಮ ಮನೆ ಸುದ್ದಿ ಹೇಳ್ತೀನಿ ಕೇಳಿ. ನಮ್ಮ ಸಬ್‌ಡಿವಿಷನ್ನಿನ ಇಂಡಿಯನ್ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮಧ್ಯಾಹ್ನ ಫೋಟೋ ಬಂತು. "ಒಬ್ಬ ಕರಿಯ ಮನೆಮನೆ ಮುಂದೆ ಬಗ್ಗಿ ನೋಡ್ತಿದ್ದಾನೆ, ಹುಷಾರು." ಹತ್ತು ನಿಮಿಷಕ್ಕೆ 40 ಮೆಸೇಜು. ಯಾರೋ ಪೊಲೀಸಿಗೂ ಫೋನು ಮಾಡಿದರು. ಫೋಟೋ ದೊಡ್ಡದು ಮಾಡಿ ನೋಡಿದ್ರೆ ಅವನ ಕೈಯಲ್ಲಿ ಮೀಟರ್ ರೀಡಿಂಗ್ ಮಷೀನು. ನೀರಿನ ಮೀಟರು ನೆಲದಲ್ಲಿದ್ರೆ ಬಗ್ಗದೆ ಇನ್ನೇನು ಮಾಡ್ತಾನೆ? ಗ್ರೂಪಿನಲ್ಲಿ ಒಬ್ಬರೂ ತಪ್ಪಾಯ್ತು ಅನ್ನಲಿಲ್ಲ, ಸ್ವಲ್ಪ ಹೊತ್ತಿಗೆ ಯಾರೋ ಗುಡ್ ಈವ್ನಿಂಗ್ ಹೂವು ಹಾಕಿದರು.

ಧಾರವಾಡದವರೇ, ಇಂಡಿಯನ್ಸ್ ಜಾಸ್ತಿ ಇರೋ ಕಡೆ ನಿಮಗೆ ಆರಾಮು ಅಂತ ಹೇಳೋಕೆ ನನಗೆ ಬಾಯಿ ಬರ್ತಿಲ್ಲ.

ಕಮ್ಮಿಂಗ್ ನಿವಾಸಿ

ಒಂದು ವಾಟ್ಸಾಪ್ ಗ್ರೂಪಿಗೆ ಎಲ್ಲರನ್ನೂ ಸೇರಿಸಬೇಡಿ. ನಾನು ರೇಸಿಸ್ಟ್ ಅಲ್ಲ. ಮಕ್ಕಳ ಶಾಲೆ ನೋಡಿ ಮನೆ ತಗೊಂಡಿದ್ದು ತಪ್ಪಾ?

ಹಳೇ ಅಟ್ಲಾಂಟಾ

ತಪ್ಪಲ್ಲ ಸರ್. ನೂರು ವರ್ಷದ ಹಿಂದೆ ನಮ್ಮವರಿಗೂ ಹೀಗೇ ಆಗಿತ್ತು ಅಂತ ಮಾತ್ರ ಹೇಳ್ತೀನಿ. ಕಲಾ ಬಗಾಯಿ ಅಂತ ಒಬ್ಬಾಕೆ, 1915ರಲ್ಲಿ ಗಂಡ ಮಕ್ಕಳ ಜೊತೆ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದವರು. ಆಮೇಲೆ ಬರ್ಕ್ಲಿಯಲ್ಲಿ ದುಡ್ಡು ಕೊಟ್ಟು ಮನೆ ತಗೊಂಡರು. ಸಾಮಾನು ಗಾಡಿ ಹೋದಾಗ ನೆರೆಯವರು ಮನೆಗೆ ಬೀಗ ಜಡಿದು ನಿಂತಿದ್ದರು. ಈಗ ಅದೇ ಬರ್ಕ್ಲಿಯಲ್ಲಿ ಒಂದು ರಸ್ತೆಗೆ ಆಕೆಯ ಹೆಸರಿದೆ.

ಕಾಳಿ ನದಿ

ಅಮೆರಿಕ ನೋಡಿಲ್ಲ. ಆದ್ರೂ ಬರೀತೀನಿ. ನಾನು ಯಲ್ಲಾಪುರ ಕಡೆಯ ಸಿದ್ದಿ. ಬೆಂಗಳೂರಲ್ಲಿ ಅಕೌಂಟೆಂಟ್.

ಬಾಡಿಗೆ ಮನೆಗೆ ಫೋನು ಮಾಡಿದ್ರೆ ಓನರ್ ಖುಷಿ. "ಕನ್ನಡದವರಾ? ಬನ್ನಿ ಬನ್ನಿ, ಕನ್ನಡದವರಿಗೇ ಕೊಡಬೇಕು ಅಂತಿದ್ದೆ." ಗೇಟಿನ ಹತ್ತಿರ ಹೋದ್ರೆ ಮುಖ ನೋಡಿ ಇಂಗ್ಲಿಷಿನಲ್ಲಿ "ನೋ ಫಾರಿನರ್ಸ್". ಸಾರ್, ನಾನೇ ಫೋನು ಮಾಡಿದ್ದು ಅಂದ್ರೆ, "ಈಗ ತಾನೇ ಬೇರೆಯವರು ಅಡ್ವಾನ್ಸ್ ಕೊಟ್ಟು ಹೋದ್ರು". ಏಳು ಮನೆ ಹೀಗೆ ಆಯ್ತು. ಈಗ ಮೊದಲೇ ಆಧಾರ್ ಕಾರ್ಡಿನ ಫೋಟೋ ಕಳಿಸಿಬಿಡ್ತೀನಿ, ಬಸ್ ಚಾರ್ಜಾದ್ರೂ ಉಳಿಯುತ್ತೆ.

2016ರ ಜನವರಿ ಕೊನೆಗೆ ಹೆಸರಘಟ್ಟದ ಹತ್ತಿರ ಒಂದು ಅಪಘಾತ ಆಯ್ತು. ಕಾರು ಓಡಿಸಿದವನು ಸೂಡಾನಿನವನು. ಆಮೇಲೆ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ಹುಡುಗಿಯನ್ನ ಗುಂಪು ಹಿಡಿದು ಹೊಡೆಯಿತು. ಆ ವಾರವೆಲ್ಲ ನಾನು ಬಸ್ಸಿನಲ್ಲಿ ಯಾರೂ ಫೋನು ಮಾಡದೇ ಇದ್ದರೂ ಮೊಬೈಲು ಕಿವಿಗಿಟ್ಟುಕೊಂಡು ಜೋರಾಗಿ ಕನ್ನಡ ಮಾತಾಡ್ತಿದ್ದೆ. "ಹಾಂ ಅವ್ವಾ, ಊಟ ಆತು, ಹಾಂ ಅವ್ವಾ." ಅಕ್ಕಾ, ಭಾವನವರ ಐಡಿ ಕಾರ್ಡಿನ ವಿಷಯ ಓದಿದಾಗ ಅದು ನೆನಪಾಯ್ತು.

ಧಾರವಾಡದವಳು

ಕಾಳಿ ನದಿ, ನೀವು ಬರೆದದ್ದನ್ನ ಇವರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಎರಡು ಸಲ ಹೇಳಿಸಿಕೊಂಡರು. "ಹಾಂ ಅವ್ವಾ" ಅನ್ನೋದನ್ನ ಹೇಗೆ ಅನ್ನಬೇಕು ಅಂತ ಕೇಳಿ ಕಲಿತರು. ನಿನ್ನೆಯಿಂದ ಏನು ಕೇಳಿದ್ರೂ ಅದೇ ಉತ್ತರ.

ಎರಡೂ ಕಡೆ ಹೋಗಿ ಬಂದೆವು. ಕಮ್ಮಿಂಗ್‌ಗೂ ಹೋದೆವು, ಸರ್ ಅಷ್ಟು ಹೇಳಿದ್ದರಿಂದ. ಊರು ಚೆಂದ ಇದೆ, ಸುಳ್ಳು ಹೇಳಲ್ಲ. ಊರ ಮಧ್ಯೆ ರಾಬ್ ಎಡ್ವರ್ಡ್ಸ್ ಹೆಸರಿನ ಫಲಕ ಇದೆ, 2021ರಲ್ಲಿ ಹಾಕಿದ್ದಂತೆ. ಅತ್ತೆ ಕಾರಿನಿಂದ ಇಳಿಯಲಿಲ್ಲ. ಇವರು ಫಲಕದ ಎರಡೂ ಬದಿ ನಿಧಾನ ಓದಿ ಬಂದು, ಏನೂ ಹೇಳದೆ ಗಾಡಿ ಸ್ಟಾರ್ಟ್ ಮಾಡಿದರು.

ಕ್ಯಾಸ್ಕೇಡ್ ಇವರಿಗೆ ತುಂಬಾ ಹಿಡಿಸಿತು. ನನಗೆ ಅಲ್ಲಿ ನಾನೇ ಒಬ್ಬಂಟಿ ಆಗ್ತೀನಿ ಅನ್ನಿಸಿತು, ಹಾಗಂತ ಹೇಳೋಕೆ ನಾಚಿಕೆಯೂ ಆಯ್ತು. 5 ವರ್ಷ ಇವರು ಹಾಗೇ ಇದ್ದರಲ್ಲ. ಜಗಳವೂ ಆಯ್ತು, ಅದೆಲ್ಲ ಇಲ್ಲಿ ಬೇಡ.

ಕೊನೆಗೆ ಬೋವಿಯಲ್ಲಿ ಒಂದು ವರ್ಷ ಬಾಡಿಗೆಗೆ ಇರೋದು ಅಂತ ತೀರ್ಮಾನ. ಮನೆ ನೋಡಲು ಹೋದಾಗ ಪಕ್ಕದ ಮನೆಯ ಅಜ್ಜ, ರಿಟೈರ್ಡ್ ಮಿಲಿಟರಿ, ಬೇಲಿ ಹತ್ತಿರ ಬಂದು ಇವರ ಜೊತೆ ಮುಕ್ಕಾಲು ಗಂಟೆ ಹುಲ್ಲು ಕತ್ತರಿಸೋ ಮಷೀನಿನ ಬಗ್ಗೆ ಮಾತಾಡಿದರು. ಆಗ ಮಗಳು ಬಂದು "ಈ ಅಜ್ಜ ಅಪ್ಪನಿಗೆ ಮೊದಲೇ ಗೊತ್ತಾ?" ಅಂತ ಕೇಳಿದಳು. ಶಾಲೆ ವಿಷಯ ತಲೆ ಕೊರೀತಿದೆ, ಅದಕ್ಕೇ ಬಾಡಿಗೆ. ಆಗದಿದ್ರೆ ಕೊಲಂಬಿಯಾ ನೋಡೋದು.

ಲ್ಯಾನ್‌ಹ್ಯಾಮ್ ತಮ್ಮಾ, ಒಂದು ಕೇಳಬೇಕಿತ್ತು. ಮಗಳನ್ನ ಕನ್ನಡ ಕಲಿ ಕ್ಲಾಸಿಗೆ ಹಾಕಬೇಕು. ಬೋವಿಯಿಂದ ಎಷ್ಟು ದೂರ? ಶನಿವಾರ ಇವರಿಗೆ ಡ್ಯೂಟಿ, ನನಗೆ ಹೈವೇ ಡ್ರೈವಿಂಗ್ ಇನ್ನೂ ಭಯ.

ಲ್ಯಾನ್‌ಹ್ಯಾಮ್ ಪುಳಿಯೋಗರೆ

ನಮ್ಮ ಕಾರಲ್ಲಿ ಒಂದು ಸೀಟು ಖಾಲಿ ಇದೆ ಅಕ್ಕಾ. ಮಗು ಕೂರೋ ಬೂಸ್ಟರ್ ಸೀಟು ಮಾತ್ರ ನೀವೇ ತನ್ನಿ, ನಮ್ಮದು ಮುರಿದು ಹೋಗಿದೆ.